ಕೊಟ್ಟಿಗೆಯಲ್ಲಿ ಮಲಗಿದ್ದ ಜಾವಾ

ಬೇಸಿಗೆ ರಜೆ ಬಂತೆಂದರೆ ನನ್ನಂಥ ನಿವೃತ್ತ ಮೇಷ್ಟ್ರ ಮನೆಗೆ ತಂದೆತಾಯಿಗಳ ದೂರುಗಳೂ ಬರುತ್ತವೆ. ಎಲ್ಲವೂ ಒಂದೇ ರಾಗ: ಹುಡುಗ ಮೊಬೈಲು ಕೆಳಗಿಡುವುದಿಲ್ಲ, ಹುಡುಗಿ ಟೀವಿ ಬಿಟ್ಟು ಏಳುವುದಿಲ್ಲ. ಹೋದ ವರ್ಷ ಮಾತ್ರ ಬೇರೆ ಜಾತಿಯ ದೂರೊಂದು ಬಂತು.

ತಂದವನು ನನ್ನ ಹಳೆಯ ವಿದ್ಯಾರ್ಥಿ. ಮನ್ನಾಏಖೇಳ್ಳಿಯಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದಾನೆ. ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಜಹೀರಾಬಾದ್ ಕಡೆಗೆ ಹೊರಟವರಿಗೆ ಈ ಊರು ಗೊತ್ತಿರುತ್ತದೆ. ಬೀದರ್‌ಗೆ ಹೋಗುವ ರಸ್ತೆ ಒಡೆಯುವುದು ಇಲ್ಲೇ. ಬಂದವನು ಚಹಾ ಕೂಡ ಮುಟ್ಟದೆ ಶುರು ಮಾಡಿದ: ‘ಸರ್, ನೀವಾದ್ರೂ ನಮ್ಮ ಹುಡ್ಗಗ ನಾಕು ಬುದ್ಧಿಮಾತು ಹೇಳ್ರಿ. ಮುಂದಿನ ವರ್ಷ ಸೆಕೆಂಡ್ ಪಿಯು. ಈಗ ನೋಡಿದ್ರ ಕೊಟ್ಟಿಗ್ಯಾಗ ಕುಂತು ನಮ್ಮಪ್ಪನ ಹಳೀ ಜಾವಾ ಬಿಚ್ಚಲತ್ತಾನ. ಮಿಸ್ತ್ರಿ ಆಗೂದದೇನ್ರಿ ಅಂವ?’

ಮರುದಿನ ಹೋಗಿ ನೋಡಿದೆ. ಮೇವಿನ ಕಣಕಿಯ ಪಕ್ಕ, ಹರಿದ ತಾಡಪತ್ರಿಯ ಕೆಳಗೆ ಗಾಡಿ ನಿಂತಿತ್ತು. 1970ರಲ್ಲಿ ಹುಡುಗನ ಮುತ್ಯಾ ಕೊಂಡ 250 ಸಿಸಿ ಜಾವಾ. ಪೆಟ್ರೋಲ್ ಟ್ಯಾಂಕಿನ ಕ್ರೋಮು ಎದ್ದು ಹೋಗಿತ್ತು, ಸೀಟಿನಲ್ಲಿ ಇಲಿ ಮನೆ ಮಾಡಿತ್ತು. ಕಿಕ್ ಮೇಲೆ ಕಾಲಿಟ್ಟರೆ ಒಂದಿಂಚೂ ಕದಲಲಿಲ್ಲ. ಮೂವತ್ತು ವರ್ಷದಿಂದ ಹಾಗೇ ನಿಂತಿದೆ ಎಂದ ಹುಡುಗ. ಏಕೆ ನಿಂತಿತು ಎಂದು ಕೇಳಿದೆ. ‘ಎಂಜಿನ್ ಹಿಡ್ಕೊಂಡದಂತ ಸರ್. ಅಪ್ಪನ ಪರೀಕ್ಷಾ ದಿನನೇ ಕೈ ಕೊಡ್ತಂತ.’

ಆ ಕತೆ ನನಗೂ ಗೊತ್ತಿತ್ತು. 1995ರಲ್ಲಿ ಅವನ ಅಪ್ಪ ಡಿಪ್ಲೊಮಾ ಓದುತ್ತಿದ್ದ. ಪರೀಕ್ಷೆ ಬರೆಯಲು ಬೀದರ್‌ಗೆ ಹೊರಟಾಗ ಅರ್ಧ ದಾರಿಯಲ್ಲಿ ಗಾಡಿ ನಿಂತುಬಿಟ್ಟಿತು. ಒಂದು ತಾಸು ಕಾದ ಮೇಲೆ ಬಸ್ಸು ಬಂತು. ಅಷ್ಟು ತಡವಾಗಿ ಬಂದವನನ್ನು ಒಳಗೆ ಬಿಡಲಿಲ್ಲ. ಒಂದು ವರ್ಷ ಹೋಯಿತು, ಆಮೇಲೆ ಓದೇ ಬಿಟ್ಟುಹೋಯಿತು. ‘ಅಪ್ಪ ಹಳೀ ಡಬ್ಬಾ ಗಾಡಿ ಕೊಟ್ಟು ನನ್ನ ವರ್ಷ ತಿಂದ’ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಮುತ್ಯಾ ಏನೂ ಎದುರಾಡಲಿಲ್ಲ. ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ ಮುಚ್ಚಿದ. ಈಗ ಆತನೂ ಇಲ್ಲ.

ನಾನು ಬುದ್ಧಿ ಹೇಳಲು ಹೋದವನು ಒಪ್ಪಂದ ಮಾಡಿಸಿ ಬಂದೆ. ರಜೆಯಲ್ಲಿ ದಿನಕ್ಕೆ ಎರಡು ತಾಸು, ಕಾಲೇಜು ಶುರುವಾದ ಮೇಲೆ ಭಾನುವಾರ ಮಾತ್ರ. ಬಿಚ್ಚಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹೆದ್ದಾರಿ ಬದಿಯ ಗ್ಯಾರೇಜಿನ ಮಿಸ್ತ್ರಿ ಚಾಚಾ ಬಂದು ನೋಡಿ ಸರಿ ಎನ್ನುವ ತನಕ ಮುಂದಿನ ಹೆಜ್ಜೆ ಇಡಬಾರದು. ಅಪ್ಪ ‘ಹ್ಞೂಂ’ ಎಂದ, ಅರೆಮನಸ್ಸಿನಿಂದ.

ಮೊದಲ ಪಾಠ ಪಾನಾ ಹಿಡಿಯುವ ಮುಂಚೆಯೇ ಶುರುವಾಯಿತು. ಎಂಜಿನ್ ಬಿಚ್ಚುವುದು ಯಾರಿಗೂ ಬರುತ್ತದೆ, ಜೋಡಿಸುವುದು ಬರೆದಿಟ್ಟವನಿಗೆ ಮಾತ್ರ. ಹುಡುಗನ ಅವ್ವ ಹಳೆಯ ಮಸಾಲೆ ಡಬ್ಬಿ ಕೊಟ್ಟಳು. ಅದರ ಒಂದೊಂದು ಬಟ್ಟಲಿಗೆ ಒಂದೊಂದು ಭಾಗದ ನಟ್ಟು ಬೋಲ್ಟು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ, ಬಿಚ್ಚಿದ ಮೇಲೆ ನೋಟ್‌ಬುಕ್ಕಿನಲ್ಲಿ ಚಿತ್ರ. ಬೈಯಿಸಿಕೊಳ್ಳುವ ಮೊಬೈಲು ಕೂಡ ಕೆಲಸಕ್ಕೆ ಬರುವುದುಂಟು, ನೋಡಿ.

ಹಿಡಿದುಕೊಂಡ ಪಿಸ್ಟನ್ ಮೇಲೆ ಸುತ್ತಿಗೆ ಹಾಕುವುದು ಅವಸರದವರ ದಾರಿ. ಚಾಚಾ ಸ್ಪಾರ್ಕ್ ಪ್ಲಗ್ ತೆಗೆಸಿ, ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹೊಯ್ದು, ‘ಎಂಟು ದಿನ ಮುಟ್ಟಬ್ಯಾಡ’ ಎಂದು ಹೋದ. ಎಂಟು ದಿನ ಸುಮ್ಮನಿರುವುದು ಹದಿನೇಳರ ಹುಡುಗನಿಗೆ ಎಷ್ಟು ಕಷ್ಟವೆಂದು ಮಕ್ಕಳನ್ನು ಸಾಕಿದವರಿಗೆ ಗೊತ್ತು. ಒಂಬತ್ತನೆಯ ದಿನ ಕಿಕ್ ಒಂದು ಬೆರಳಿನಷ್ಟು ಕದಲಿತು. ಹನ್ನೆರಡನೆಯ ದಿನ ಪೂರ್ತಿ ತಿರುಗಿತು.

ಆಮೇಲೆ ಹೆಡ್ ಬಿಚ್ಚಿದರು. ನಟ್ಟುಗಳನ್ನು ಒಂದೇ ಬದಿಯಿಂದ ಬಿಚ್ಚಬಾರದು. ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಒಳಗೆ ದಪ್ಪನೆಯ ಕರಿ ಕಟ್ಟಿತ್ತು. ಅದನ್ನು ಒಣದಾಗಿ ಕೆರೆಯಲು ನಾನು ಬಿಡಲಿಲ್ಲ. ಅಂದಿನ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ. ಹಾಗಾಗಿ ಹಳೆಯ ಕರಿಯಲ್ಲಿ ಸೀಸ ಇರುತ್ತದೆ. ಎಣ್ಣೆಯಲ್ಲಿ ನೆನೆಸಿ ಕೆರೆಯಬೇಕು, ಕೈ ತೊಳೆದೇ ರೊಟ್ಟಿ ಮುಟ್ಟಬೇಕು. ಹಳೆಯ ಬ್ರೇಕಿನ ಧೂಳನ್ನೂ ಊದಬಾರದು, ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು.

ಸಿಲಿಂಡರ್ ಮೇಲೆತ್ತಿದ ಕೂಡಲೇ ಚಾಚಾ ಕೆಳಗಿನ ಬಾಯಿಗೆ ಬಟ್ಟೆ ತುರುಕಿಸಿದ. ಪಿಸ್ಟನ್ನಿನ ಸಣ್ಣ ಕ್ಲಿಪ್ಪು ಜಾರಿ ಒಳಗೆ ಬಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ಪಿಸ್ಟನ್ ಹೊರಗೆ ಬಂತು. ಹುಡುಗ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. ಹೊಗೆ ಹೋಗುವ ಬದಿಯಲ್ಲಿ ಮೇಲಿಂದ ಕೆಳಗೆ ಉಗುರಿನಿಂದ ಗೀರಿದಂತೆ ಗೆರೆಗಳು, ಗೆರೆಗಳ ನಡುವೆ ಕರಗಿ ಮೆತ್ತಿಕೊಂಡ ಅಲ್ಯೂಮಿನಿಯಂ. ಚಾಚಾ ಒಮ್ಮೆ ನೋಡಿ, ‘ಎಣ್ಣಿ ಇಲ್ದೇ ಓಡಿಸ್ಯಾರ’ ಎಂದ.

ಇದು ಹೇಗೆ ತಿಳಿಯಿತೆಂದು ವಿದ್ಯಾರ್ಥಿಗಳು ಕೇಳಬಹುದು. ಇಂದಿನ ಬಹುತೇಕ ಬೈಕುಗಳು ನಾಲ್ಕು ಹೊಡೆತದವು, ಅವುಗಳ ಎಣ್ಣೆ ಎಂಜಿನ್ ತಳದಲ್ಲಿ ಬೇರೆಯಾಗಿ ಇರುತ್ತದೆ. ಜಾವಾ ಎರಡು ಹೊಡೆತದ ಎಂಜಿನ್ನು, ಅಂದರೆ ಟೂ ಸ್ಟ್ರೋಕ್. ಇದರಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ ಕೆಳಗಿನ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ಏರುತ್ತದೆ. ಆದ್ದರಿಂದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಅದು ಹೋಗುವ ದಾರಿಯಲ್ಲಿ ಬೇರಿಂಗು, ಪಿಸ್ಟನ್ನುಗಳಿಗೆ ಜಿಡ್ಡು ಸವರಿ, ಕೊನೆಗೆ ತಾನೂ ಸುಟ್ಟು ಹೋಗುತ್ತದೆ. ನಮ್ಮ ಕಡೆಯ ಮಿಸ್ತ್ರಿಗಳ ಲೆಕ್ಕ ಲೀಟರಿಗೆ 40 ಮಿ.ಲೀ., ಅಂದರೆ 25 ಪಾಲಿಗೆ ಒಂದು ಪಾಲು. ಬರೀ ಪೆಟ್ರೋಲು ಹಾಕಿ ಓಡಿಸಿದರೆ ಜಿಡ್ಡಿಲ್ಲದೆ ತಿಕ್ಕಾಟ ಏರುತ್ತದೆ, ಶಾಖ ಹೆಚ್ಚುತ್ತದೆ, ಪಿಸ್ಟನ್ ಉಬ್ಬುತ್ತದೆ.

ಎಷ್ಟು ಉಬ್ಬುತ್ತದೆ? ಲೆಕ್ಕ ಪಿಯು ಪುಸ್ತಕದಲ್ಲೇ ಇದೆ. 65 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಪಿಸ್ಟನ್ 200 ಡಿಗ್ರಿ ಬಿಸಿಯೇರಿದರೆ ಸುಮಾರು 0.30 ಮಿ.ಮೀ. ಅಗಲವಾಗುತ್ತದೆ. ಸುತ್ತಲಿನ ಬೀಡುಕಬ್ಬಿಣದ ಸಿಲಿಂಡರ್ ಅಷ್ಟೇ ಬಿಸಿಯಾದರೂ ಅಗಲವಾಗುವುದು ಅದರ ಅರ್ಧದಷ್ಟು. ನಡುವೆ ಬಿಟ್ಟಿರುವ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಸಂದು ಮುಗಿದಾಗ ಲೋಹ ಲೋಹವನ್ನು ಕಚ್ಚುತ್ತದೆ. ಹುಡುಗ ಈ ಸೂತ್ರವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ. ಅದರ ಉತ್ತರವನ್ನು ಕೈಯಲ್ಲಿ ಹಿಡಿದು ನೋಡಿದ್ದು ಇದೇ ಮೊದಲು.

ಅಷ್ಟರಲ್ಲಿ ಇನ್ನೊಂದು ಸಾಕ್ಷಿ ಸಿಕ್ಕಿತು. ಗಾಡಿಯ ಪಕ್ಕದಲ್ಲಿದ್ದ ಟೂಲ್ ಡಬ್ಬಿ ತುಕ್ಕು ಹಿಡಿದು ತೆರೆಯುತ್ತಿರಲಿಲ್ಲ. ಅವತ್ತು ತೆರೆಯಿತು. ಒಳಗೆ ಎರಡು ಪಾನಾ, ಒಂದು ಪ್ಲಗ್, ಮತ್ತು ಚಿಂದಿಯಲ್ಲಿ ಸುತ್ತಿದ ಹಳೆಯ ಔಷಧಿ ಬಾಟಲಿ. ಬಾಟಲಿಯ ಮೈಮೇಲೆ ಬ್ಲೇಡಿನಿಂದ ಕೊರೆದ ಗೆರೆಗಳು, ಲೀಟರಿಗೆ ಇಷ್ಟೆಂದು ಮುತ್ಯಾ ಮಾಡಿಕೊಂಡಿದ್ದ ಅಳತೆ. ಮುಚ್ಚಳ ಬಿಗಿಯಾಗಿತ್ತು. ಎಣ್ಣೆ ಅಂಟಾಗಿ ಗಟ್ಟಿಯಾಗಿತ್ತು, ಆದರೆ ಬಾಟಲಿ ಕುತ್ತಿಗೆಯ ತನಕ ತುಂಬಿತ್ತು.

ಹುಡುಗ ಅದನ್ನು ಅಪ್ಪನ ಕೈಗೆ ಕೊಟ್ಟ. ಏನೂ ಕೇಳಲಿಲ್ಲ. ಅವನು ಬಾಟಲಿಯನ್ನು ಬಹಳ ಹೊತ್ತು ತಿರುಗಿಸುತ್ತ ನಿಂತ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: ‘ಅವತ್ತು ಟ್ಯಾಂಕ್ ಖಾಲಿ ಇತ್ತು ಸರ್. ಬಂಕಿನ್ಯಾಗ ಪೆಟ್ರೋಲ್ ಹಾಕಿಸ್ದೆ. ಹೊತ್ತಾಗಿತ್ತು. ಎಣ್ಣಿ ಹಾಕೂದು ಮರ್ತೆ. ಹಾಕು ಅಂತ ಅಪ್ಪ ಬಾಟ್ಲಿ ತುಂಬಿ ಇಟ್ಟಿದ್ದ.’

ಮೂವತ್ತು ವರ್ಷ ಮುತ್ಯಾನ ತಲೆಯ ಮೇಲಿದ್ದ ತಪ್ಪು ಆ ಮಧ್ಯಾಹ್ನ ಕೆಳಗಿಳಿಯಿತು. ಇಳಿಸಿಕೊಳ್ಳಲು ಮುತ್ಯಾ ಇರಲಿಲ್ಲ, ಅಷ್ಟೇ. ಮರುದಿನದಿಂದ ಅಪ್ಪ ಅಂಗಡಿ ಮುಚ್ಚಿ ಬಂದು ಕೊಟ್ಟಿಗೆಯಲ್ಲಿ ದೀಪ ಹಿಡಿಯತೊಡಗಿದ.

ಇನ್ನು ಬಿಡಿಭಾಗದ ಪ್ರಶ್ನೆ. ಜಾವಾ ಎಂಬ ಹೆಸರು ಹುಟ್ಟಿದ್ದು ದೂರದ ಪ್ರಾಗ್ ನಗರದಲ್ಲಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕಿನ ಹಕ್ಕು ಪಡೆದು, ತನ್ನ ಹೆಸರಿನ ‘ಜಾ’, ಆ ಕಂಪನಿಯ ‘ವಾ’ ಸೇರಿಸಿದ. ಆದರೆ ಈ ಕೊಟ್ಟಿಗೆಯ ಜಾವಾ ನಮ್ಮ ಮೈಸೂರಿನದು. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಅಲ್ಲಿ ಬೈಕ್ ತಯಾರಿಕೆ ಶುರು ಮಾಡಿತು, ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಗೇರಿನ ಕಾಲ್ಗೋಲನ್ನೇ ತಿರುಗಿಸಿ ನಿಲ್ಲಿಸಿದರೆ ಕಿಕ್ ಆಗುವ ಚಮತ್ಕಾರ, ಎರಡು ಸೈಲೆನ್ಸರು, ಅದರ ‘ಡುಬ್ ಡುಬ್’ ಸದ್ದು ಹಳಬರಿಗೆ ನೆನಪಿದ್ದೀತು. 1970ರ ದಶಕದಲ್ಲಿ ಇದೇ ಕಾರ್ಖಾನೆ ಯಜ್ಡಿ ಹೆಸರಿನಲ್ಲಿ ಬೈಕು ಕೊಟ್ಟಿತು. ಎಂಬತ್ತರ ದಶಕದ ನಡುವೆ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. ಕಡಿಮೆ ಪೆಟ್ರೋಲು ಕುಡಿಯುವ ಆ ಹಗುರ ಗಾಡಿಗಳ ಮುಂದೆ ಹಳೆಯ ಟೂ ಸ್ಟ್ರೋಕ್ ಸೋತಿತು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದದ್ದು ಬೇರೆ ಕಂಪನಿಯಿಂದ, ಅದು ನಾಲ್ಕು ಹೊಡೆತದ ಹೊಸ ಎಂಜಿನ್ನು. ಹಳೆಯದಕ್ಕೆ ಅದರ ಸಾಮಾನು ಹೊಂದುವುದಿಲ್ಲ. ಆದರೆ ಹಳೆ ಜಾವಾ ಪ್ರೇಮಿಗಳು ಇಂದಿಗೂ ಇದ್ದಾರೆ, ಜುಲೈ ಎರಡನೆಯ ಭಾನುವಾರ ಜಾವಾ ದಿನ ಆಚರಿಸುತ್ತಾರೆ. ಅವರಿಗಾಗಿ ಬಿಡಿಭಾಗ ಮಾಡುವವರೂ, ಮಾರುವವರೂ ಇದ್ದಾರೆ. ಪಿಸ್ಟನ್, ರಿಂಗು, ಆಯಿಲ್ ಸೀಲುಗಳು ಪಾರ್ಸೆಲ್ಲಿನಲ್ಲಿ ಬಂದವು.

ಮನೆಯಲ್ಲಿ ಮಾಡಬಹುದಾದ ಕೆಲಸಕ್ಕೆ ಒಂದು ಗಡಿ ಇದೆ, ಅದನ್ನು ತಂದೆತಾಯಿಗಳು ಮರೆಯಬಾರದು. ಗೀರು ಬಿದ್ದ ಸಿಲಿಂಡರನ್ನು ಎಮರಿ ಕಾಗದದಿಂದ ಉಜ್ಜಿ ಸರಿಮಾಡಲಾಗದು. ಅದು ಲೇಥ್ ಅಂಗಡಿಯವರ ಬೋರಿಂಗ್ ಯಂತ್ರದ ಕೆಲಸ. ಪಿಸ್ಟನ್ನುಗಳು 0.25 ಮಿ.ಮೀ. ಮೆಟ್ಟಿಲಿನಲ್ಲಿ ದೊಡ್ಡದಾಗುತ್ತ ಸಿಗುತ್ತವೆ. ಈ ಗಾಡಿಗೆ ಎರಡನೆಯ ಮೆಟ್ಟಿಲು ಬೇಕಾಯಿತು, 65.50 ಮಿ.ಮೀ. ಹುಡುಗ ಕೂಡಲೇ ಲೆಕ್ಕ ಹಾಕಿದ. ಸಿಲಿಂಡರಿನ ಘನಫಲ ಎಂಟನೆಯ ತರಗತಿಯಿಂದ ಓದಿದ್ದೇ ಅಲ್ಲವೇ? ವ್ಯಾಸ 6.5 ಸೆಂ.ಮೀ., ಪಿಸ್ಟನ್ ಓಡಾಟ 7.5 ಸೆಂ.ಮೀ., ಗುಣಿಸಿದರೆ ಸುಮಾರು 249 ಘನ ಸೆಂ.ಮೀ. ಇದನ್ನೇ ನಾವು 250 ಸಿಸಿ ಎನ್ನುವುದು. ಹೊಸ ಅಳತೆಗೆ ಸುಮಾರು 253. ‘ಮುತ್ಯಾನ ಗಾಡಿ ನಾಕು ಸಿಸಿ ಬೆಳೀತು ಸರ್!’ ಎಂದು ನಕ್ಕ.

ಕ್ರ್ಯಾಂಕಿನದೂ ಹಾಗೇ. ಒತ್ತಿ ಕೂಡಿಸಿದ ಆ ಭಾಗವನ್ನು ಬಿಡಿಸಿ, ಹೊಸ ಬೇರಿಂಗ್ ಕೂಡಿಸಿ, ಮತ್ತೆ ನೇರ ಮಾಡಲು ಪ್ರೆಸ್ಸು ಬೇಕು, ಪಳಗಿದ ಕೈ ಬೇಕು. ಅದು ಹೈದರಾಬಾದಿಗೆ ಹೋಗಿ ಬರುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಕಾಲೇಜು ಶುರುವಾಗಿತ್ತು. ಒಪ್ಪಂದದಂತೆ ಕೆಲಸ ಭಾನುವಾರಕ್ಕೆ ಇಳಿಯಿತು. ಖರ್ಚು ಒಂದು ಒಳ್ಳೆಯ ಮೊಬೈಲಿನ ಬೆಲೆ ಮುಟ್ಟಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಬೇರಿಂಗ್ ಕೂಡಿಸಿದ ದಿನ ಮನೆಯವರೆಲ್ಲ ಕೊಟ್ಟಿಗೆಗೆ ಬಂದಿದ್ದರು. ಬೇರಿಂಗನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಪೆಟ್ರೋಲಿನ ವಾಸನೆಯೂ ಉಳಿಯದಂತೆ ಸೋಪಿನಿಂದ ತೊಳೆದ ಅಲ್ಯೂಮಿನಿಯಂ ಕೇಸನ್ನು ಚಾಚಾ ಹಳೆಯ ರೊಟ್ಟಿ ಹಂಚಿನ ಮೇಲೆ ಕಾಯಿಸಿದ. ನೀರಿನ ಹನಿ ಬಿದ್ದರೆ ಚುಂಯ್ ಎನ್ನುವಷ್ಟು ಕಾದಾಗ ಬೇರಿಂಗನ್ನು ಅದರ ಬಾಯಿಗಿಟ್ಟ. ಸುತ್ತಿಗೆ ಬೇಕಾಗಲಿಲ್ಲ. ತನ್ನ ಭಾರಕ್ಕೆ ತಾನೇ ‘ಟಕ್’ ಎಂದು ಕೂತಿತು. ಎಂಜಿನ್ನನ್ನು ಕೆಡಿಸಿದ ನಿಯಮವೇ ಅದನ್ನು ಜೋಡಿಸಲು ನೆರವಾಯಿತು. ಬಿಸಿಗೆ ಹಿಗ್ಗುವುದು, ತಂಪಿಗೆ ಕುಗ್ಗುವುದು ಲೋಹದ ಗುಣ. ಅದನ್ನು ತಿಳಿದವನಿಗೆ ನೆಂಟ, ಮರೆತವನಿಗೆ ವೈರಿ.

ದಸರೆಯ ಹೊತ್ತಿಗೆ ಎಲ್ಲ ಜೋಡಣೆ ಮುಗಿಯಿತು. ಸಂಭ್ರಮದಿಂದ ಮಸಾಲೆ ಡಬ್ಬಿ ಕೊಡವಿದರೆ ಒಂದು ತೆಳು ವಾಷರ್ ಕೆಳಗೆ ಬಿತ್ತು. ನೋಟ್‌ಬುಕ್ ತೆಗೆದು ನೋಡಿದರೆ ಅದು ಕ್ಲಚ್ಚಿನ ಹಿಂದಿನದು. ಹುಡುಗನ ಮುಖ ಬಾಡಿತು. ‘ಒಂದೇ ವಾಷರ್ ಅಲ್ಲೇನ್ರಿ ಸರ್, ಹಾಂಗೇ ಸ್ಟಾರ್ಟ್ ಮಾಡಿ ನೋಡೋಣ’ ಎಂದ. ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಹೇಳಿದ: ‘ಬಿಚ್ಚು. ನಾನೂ ಒಂದೇ ಬಾಟ್ಲಿ ಅಂತ ಬಿಟ್ಟಿದ್ದೆ.’ ಮತ್ತೆ ಎರಡು ಭಾನುವಾರ ಹಿಡಿಯಿತು.

ಕಾಯಕದ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಬಸವಕಲ್ಯಾಣ ಇಲ್ಲೇ ಪಕ್ಕದಲ್ಲಿದೆ. ಜಯಂತಿಯ ದಿನ ವೇದಿಕೆ ಹತ್ತಿ ಕಾಯಕದ ಹಿರಿಮೆ ಹೇಳುವ ನಾವು, ಮಗನ ಕೈಗೆ ಗ್ರೀಸು ಹತ್ತಿದರೆ ‘ಮಿಸ್ತ್ರಿ ಆಗ್ತೀಯೇನು?’ ಎಂದು ಗದರುತ್ತೇವೆ. ಈ ಹುಡುಗ ಮಿಸ್ತ್ರಿ ಆಗುತ್ತಾನೋ, ಎಂಜಿನಿಯರ್ ಆಗುತ್ತಾನೋ, ಅಪ್ಪನ ಅಂಗಡಿಯಲ್ಲೇ ಕೂರುತ್ತಾನೋ ನನಗೆ ಗೊತ್ತಿಲ್ಲ. ಕೆಟ್ಟದ್ದಕ್ಕೆ ಬೈಯುವ ಮುಂಚೆ ಬಿಚ್ಚಿ ನೋಡಬೇಕು ಎಂಬುದನ್ನಂತೂ ಕಲಿತಿದ್ದಾನೆ. ಅದನ್ನು ಅವನ ಅಪ್ಪನೂ ಕಲಿತ, ತಡವಾಗಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗಾಡಿಯ ಕಾಗದಪತ್ರ. ಎಂಜಿನ್ ಮತ್ತು ಚಾಸಿ ನಂಬರು ಆರ್‌ಸಿ ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ಬಿಚ್ಚುವ ಮೊದಲೇ ನೋಡಿಕೊಳ್ಳಿ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಅವಕಾಶವಿದೆ. ಆದರೆ ಆ ನೋಂದಣಿಯಲ್ಲಿ ದಿನನಿತ್ಯ ಓಡಿಸುವಂತಿಲ್ಲ. ಗೇರಿನ ಬೈಕು ಓಡಿಸಲು ಹದಿನೆಂಟು ತುಂಬಿರಬೇಕು. ಈಗಿನ ಪೆಟ್ರೋಲಿನಲ್ಲಿ 20% ತನಕ ಎಥೆನಾಲ್ ಇರುತ್ತದೆ, ಅದರಲ್ಲಿ ನಮ್ಮ ಕಡೆಯಂಥ ಕಬ್ಬಿನ ಪಾಲೂ ಇದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಆದ್ದರಿಂದ ಪೈಪು, ವಾಷರುಗಳನ್ನು ಹೊಸದು ಹಾಕಿ, ಗಾಡಿ ಬಹಳ ದಿನ ನಿಲ್ಲುವುದಿದ್ದರೆ ಕಾರ್ಬುರೇಟರ್ ಖಾಲಿ ಮಾಡಿ.

ಕೊನೆಯ ಭಾನುವಾರ ಅಪ್ಪ ಅದೇ ಔಷಧಿ ಬಾಟಲಿಯನ್ನು ತೊಳೆದು, ಹೊಸ ಎಣ್ಣೆಯನ್ನು ಮುತ್ಯಾ ಕೊರೆದ ಗೆರೆಯ ತನಕ ಅಳೆದು ಟ್ಯಾಂಕಿಗೆ ಹೊಯ್ದ. ಕಿಕ್ ಹೊಡೆದದ್ದು ಹುಡುಗ. ಏಳು ಸಲ ಏನೂ ಇಲ್ಲ. ಎಂಟನೆಯದಕ್ಕೆ ಕೆಮ್ಮಿತು, ಒಂಬತ್ತನೆಯದಕ್ಕೆ ಹತ್ತಿತು. ಬಿಳಿ ಹೊಗೆ ಕೊಟ್ಟಿಗೆ ತುಂಬಿ, ಎಮ್ಮೆ ಹಗ್ಗ ಜಗ್ಗಿತು. ನೋಂದಣಿ ಆಗಬೇಕಿದ್ದುದರಿಂದ ರಸ್ತೆಗೆ ಇಳಿಸಲಿಲ್ಲ. ತಮ್ಮದೇ ಹೊಲದ ದಾರಿಯಲ್ಲಿ ಅಪ್ಪ ಓಡಿಸಿದ, ಮಗ ಹಿಂದೆ ಕೂತ.

ತಿರುಗಿ ಬಂದು ಇಳಿದ ಮೇಲೆ ಅವನು ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದ: ‘ಸರ್, ಹಿಡ್ಕೊಂಡ ಎಂಜಿನ್ ತಣ್ಣಗಾದ ಮ್ಯಾಲ ಬಿಡ್ತದಂತ ಚಾಚಾ ಅಂದ. ಖರೇ ಏನ್ರಿ?’

ಎಷ್ಟೋ ಸಲ ಬಿಡುತ್ತದೆ. ತಣ್ಣಗಾದ ಪಿಸ್ಟನ್ ಕುಗ್ಗುತ್ತದೆ. ಆ ದಿನ ಅವನು ಗಾಡಿಯನ್ನು ಒದೆಯದೆ ನೆರಳಿಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, ಬಾಟಲಿಯ ಎಣ್ಣೆಯನ್ನು ಟ್ಯಾಂಕಿಗೆ ಸುರಿದು ಇನ್ನೊಂದು ಕಿಕ್ ಹೊಡೆದಿದ್ದರೆ ಎಂಜಿನ್ ತಿರುಗಿರಬಹುದಿತ್ತು. ಮೂವತ್ತು ವರ್ಷ ಅದನ್ನು ಹಿಡಿದು ನಿಲ್ಲಿಸಿದ್ದು ಆಮೇಲೆ ಬಂದ ತುಕ್ಕು.

‘ಖರೇ’ ಎಂದೆ. ಅವನು ತಲೆಯಾಡಿಸಿ, ಬಾಟಲಿಯನ್ನು ಒರೆಸಿ ಮತ್ತೆ ಟೂಲ್ ಡಬ್ಬಿಯಲ್ಲಿಟ್ಟ.